ದೊಡ್ಡ ಆರ್ಥಿಕ ಪ್ರಶ್ನೆಗಳನ್ನು ಚರ್ಚೆಗೆ ತರುವ ಬಗೆ

ಮುಕ್ತ ವ್ಯಾಪಾರದಿಂದ ಜಗತ್ತಿಗೆ ಒಳಿತಾಗಿದೆಯೇ, ಕಂಪನಿಗಳಿಗೆ ಲಾಭದಾಚೆಗೂ ಹೊಣೆಗಾರಿಕೆ ಇದೆಯೇ, ಕೃತಕ ಬುದ್ಧಿಮತ್ತೆಯಿಂದ ಉದ್ಯೋಗಗಳು ಇಲ್ಲವಾಗುತ್ತವೆಯೇ, ಹವಾಮಾನ ಬದಲಾವಣೆಯನ್ನು ತಡೆಯುವ ಖರ್ಚನ್ನು ಯಾರು ಹೊರಬೇಕು ಎಂಬಂಥ ಪ್ರಶ್ನೆಗಳನ್ನು ಕಾಲೇಜುಗಳಲ್ಲಿ, ಅಧ್ಯಯನ ಕೂಟಗಳಲ್ಲಿ, ಸಂಸ್ಥೆಗಳ ತರಬೇತಿ ಶಿಬಿರಗಳಲ್ಲಿ ಚರ್ಚೆಗಿಡುವುದು ಸಾಮಾನ್ಯ. ಇಂಥ ಚರ್ಚೆಗಳಲ್ಲಿ ಹೆಚ್ಚಿನವು ಹಳಿ ತಪ್ಪುವುದು ಒಂದೇ ರೀತಿಯಲ್ಲಿ. ಒಬ್ಬರು ಅಂಕಿಅಂಶ ಮುಂದಿಟ್ಟರೆ ಇನ್ನೊಬ್ಬರು ನ್ಯಾಯದ ಮಾತೆತ್ತಿ ಉತ್ತರಿಸುತ್ತಾರೆ. ಮೂರನೆಯವರು ಇತಿಹಾಸದ ಯಾವುದೋ ಘಟನೆಯನ್ನು ನೆನಪಿಸಿ ಅದೇ ಮತ್ತೆ ಆಗಲಿದೆ ಎನ್ನುತ್ತಾರೆ. ಸಭೆ ಮುಗಿಯುವ ಹೊತ್ತಿಗೆ ಪರ ವಿರೋಧದವರು ನಿಜವಾಗಿ ಯಾವ ಬಿಂದುವಿನಲ್ಲಿ ಬೇರೆಯಾದರು ಎಂಬುದು ಯಾರಿಗೂ ತಿಳಿದಿರುವುದಿಲ್ಲ. ಆ ಬಿಂದುವನ್ನು ಆದಷ್ಟು ಬೇಗ ಪತ್ತೆ ಮಾಡುವುದೇ ಚರ್ಚೆ ನಡೆಸುವವರ ಮೊದಲ ಕೆಲಸ ಎಂಬುದು ನನ್ನ ನಿಲುವು. ಮುಂದೆ ಹೇಳಿರುವ ಕ್ರಮವೆಲ್ಲ ಅದಕ್ಕಾಗಿಯೇ ಇದೆ.

ಗೊತ್ತುವಳಿಯನ್ನು ಬರೆಯುವುದು

ಚರ್ಚೆಯ ಅರ್ಧ ಭವಿಷ್ಯ ಗೊತ್ತುವಳಿಯ, ಅಂದರೆ ಪರ ವಿರೋಧಕ್ಕಾಗಿ ಸಭೆಯ ಮುಂದಿಡುವ ಹೇಳಿಕೆಯ, ವಾಕ್ಯದಲ್ಲೇ ತೀರ್ಮಾನವಾಗುತ್ತದೆ. 'ಜಾಗತೀಕರಣ ಒಳ್ಳೆಯದು' ಎಂಬುದು ಗೊತ್ತುವಳಿಯಲ್ಲ, ಅದೊಂದು ಭಾವನೆ ಮಾತ್ರ. ಯಾರು, ಏನನ್ನು, ಯಾವ ಅವಧಿಯೊಳಗೆ ಮಾಡಬೇಕು, ಮಾಡದಿದ್ದರೆ ಈಗಿರುವ ವ್ಯವಸ್ಥೆ ಹೇಗಿರುತ್ತದೆ ಎಂಬ ನಾಲ್ಕು ವಿವರಗಳು ವಾಕ್ಯದಲ್ಲಿಯೇ ಇರಬೇಕು, ಇಲ್ಲವೇ ಅದರಿಂದ ಸುಲಭವಾಗಿ ಹೊರಡಬೇಕು. 'ಬಹುರಾಷ್ಟ್ರೀಯ ಕಂಪನಿಗಳು ನ್ಯಾಯಯುತವಾಗಿ ತೆರಿಗೆ ಕಟ್ಟಬೇಕು' ಎಂದರೆ ವಿರೋಧಿಸಿ ನಿಲ್ಲುವವರೇ ಸಿಗುವುದಿಲ್ಲ. ಅದರ ಬದಲು, 2021ರ ಅಕ್ಟೋಬರ್‌ನಲ್ಲಿ 136 ದೇಶಗಳು ಮತ್ತು ಪ್ರದೇಶಗಳು ಒಪ್ಪಿಕೊಂಡ ಕನಿಷ್ಠ ಶೇ 15ರ ಕಂಪನಿ ತೆರಿಗೆಯನ್ನು ಹಿಡಿದುಕೊಂಡು, 'ಈ ಕನಿಷ್ಠ ದರವನ್ನು ಹತ್ತು ವರ್ಷದೊಳಗೆ ಶೇ 20ಕ್ಕೆ ಏರಿಸಬೇಕು' ಎಂದು ಬರೆದರೆ ಎರಡೂ ಕಡೆಯವರಿಗೆ ಕೆಲಸ ಸಿಗುತ್ತದೆ. ವಾರ್ಷಿಕ 75 ಕೋಟಿ ಯೂರೋಗಿಂತ ಹೆಚ್ಚು ವಹಿವಾಟು ಇರುವ ಕಂಪನಿ ಸಮೂಹಗಳಿಗಷ್ಟೇ ಅನ್ವಯವಾಗುವಂತೆ ಆ ಒಪ್ಪಂದವನ್ನು ರೂಪಿಸಿದ್ದರಿಂದ, ಆ ಮಿತಿ ಸರಿಯೇ ಎಂಬ ಪ್ರಶ್ನೆಯೂ ತಾನಾಗಿಯೇ ಮೇಲೇಳುತ್ತದೆ.

ಹೆಸರಾಂತ ವೇದಿಕೆಗಳೂ ಈ ವಿಷಯದಲ್ಲಿ ಎಡವುವುದುಂಟು. ಟೊರಾಂಟೊದಲ್ಲಿ 2008ರಿಂದ ನಡೆದುಬಂದಿರುವ ಮಂಕ್ ಡಿಬೇಟ್ಸ್ ಸರಣಿಯಲ್ಲಿ 2011ರ ಜೂನ್‌ನಲ್ಲಿ 21ನೇ ಶತಮಾನ ಚೀನಾದ್ದಾಗಲಿದೆ ಎಂಬ ಗೊತ್ತುವಳಿಯನ್ನು ಚರ್ಚಿಸಲಾಯಿತು. ನಿಯಾಲ್ ಫರ್ಗ್ಯುಸನ್ ಮತ್ತು ಡೇವಿಡ್ ಲಿ ಪರವಾಗಿ, ಹೆನ್ರಿ ಕಿಸಿಂಜರ್ ಮತ್ತು ಫರೀದ್ ಜಕಾರಿಯಾ ವಿರೋಧವಾಗಿ ಮಾತನಾಡಿದರು. ಸಭಿಕರ ಮತದಲ್ಲಿ ವಿರೋಧ ಪಕ್ಷ ಗೆದ್ದಿತು. ಕೇಳಲು ಸೊಗಸಾದ ಚರ್ಚೆ ಅದು. ಆದರೆ ಒಂದು ಶತಮಾನ ಒಂದು ದೇಶದ್ದಾಗುವುದು ಎಂದರೇನು, ಅದು ಆಗಿದೆಯೋ ಇಲ್ಲವೋ ಎಂಬುದನ್ನು ಯಾವ ವರ್ಷದಲ್ಲಿ, ಯಾವ ಅಳತೆಯಿಂದ ನೋಡಬೇಕು ಎಂಬುದು ವಾಕ್ಯದಲ್ಲಿ ಇಲ್ಲದಿದ್ದುದರಿಂದ ಗೆದ್ದವರಿಗಾಗಲಿ ಸೋತವರಿಗಾಗಲಿ ತಮ್ಮ ಮಾತನ್ನು ಮುಂದೆ ಪರೀಕ್ಷಿಸಿಕೊಳ್ಳುವ ದಾರಿ ಉಳಿಯಲಿಲ್ಲ. ಸಾವಿರಾರು ಸಭಿಕರನ್ನು ಸೆಳೆಯಬೇಕಾದ ವೇದಿಕೆಗೆ ಇಂಥ ವಾಕ್ಯದ ಅಗತ್ಯ ಇರಬಹುದು. ಇಪ್ಪತ್ತು ಜನರ ಕೂಟಕ್ಕೆ ಖಂಡಿತ ಇಲ್ಲ.

ಗೊತ್ತುವಳಿ ಸಿದ್ಧವಾದ ಮೇಲೆ ಅದರಲ್ಲಿರುವ ಪದಗಳ ಅಳತೆಗೋಲನ್ನು ಎರಡೂ ಕಡೆಯವರು ಮೊದಲೇ ಒಪ್ಪಿಕೊಳ್ಳಬೇಕು. 'ಜಗತ್ತಿನ ಅತಿ ದೊಡ್ಡ ಅರ್ಥವ್ಯವಸ್ಥೆ' ಎಂದಾಗ ಮಾರುಕಟ್ಟೆಯ ವಿನಿಮಯ ದರದಲ್ಲಿ ಲೆಕ್ಕ ಹಾಕಿದರೆ ಅಮೆರಿಕ ಮೊದಲ ಸ್ಥಾನದಲ್ಲಿದೆ. ಕೊಳ್ಳುವ ಶಕ್ತಿಯ ಸಮಾನತೆಯ ಲೆಕ್ಕದಲ್ಲಿ, ಅಂದರೆ ಆಯಾ ದೇಶದ ಹಣಕ್ಕೆ ಅಲ್ಲಿಯೇ ಎಷ್ಟು ಸರಕು ಸಿಗುತ್ತದೆ ಎಂದು ನೋಡಿ ಹಾಕುವ ಲೆಕ್ಕದಲ್ಲಿ, ಕಳೆದ ದಶಕದಲ್ಲೇ ಚೀನಾ ಅದನ್ನು ದಾಟಿದೆ. ಎರಡೂ ಸರಿ. ಯಾವ ಪ್ರಶ್ನೆಗೆ ಯಾವುದು ತಕ್ಕದ್ದು ಎಂಬುದಷ್ಟೇ ವಿಚಾರ: ಒಂದು ದೇಶ ಹೊರಗಿನಿಂದ ತೈಲವನ್ನೋ ಆಯುಧವನ್ನೋ ಕೊಳ್ಳುವ ಸಾಮರ್ಥ್ಯದ ಮಾತು ಬಂದಾಗ ವಿನಿಮಯ ದರದ ಲೆಕ್ಕ, ಅಲ್ಲಿನ ಜನರ ಜೀವನಮಟ್ಟದ ಮಾತು ಬಂದಾಗ ಕೊಳ್ಳುವ ಶಕ್ತಿಯ ಲೆಕ್ಕ. ಜಿಡಿಪಿಯ, ಅಂದರೆ ಒಂದು ದೇಶದಲ್ಲಿ ವರ್ಷವೊಂದರಲ್ಲಿ ತಯಾರಾದ ಸರಕು ಸೇವೆಗಳ ಒಟ್ಟು ಮೌಲ್ಯದ, ಬಗ್ಗೆಯೂ ಇದೇ ಎಚ್ಚರಿಕೆ ಬೇಕು. ಅದಕ್ಕೆ ಮೂಲವಾದ ರಾಷ್ಟ್ರೀಯ ಆದಾಯದ ಲೆಕ್ಕವನ್ನು 1934ರಲ್ಲಿ ಅಮೆರಿಕದ ಕಾಂಗ್ರೆಸ್ ಮುಂದಿಟ್ಟ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ ಅವರೇ, ಈ ಅಂಕಿಯಿಂದ ಒಂದು ರಾಷ್ಟ್ರದ ಕ್ಷೇಮವನ್ನು ಊಹಿಸಲಾಗದು ಎಂದು ಅದೇ ವರದಿಯಲ್ಲಿ ಎಚ್ಚರಿಸಿದ್ದರು. ಇಂಥ ಅಳತೆಗಳ ಒಪ್ಪಂದವನ್ನು ಅರ್ಧ ಪುಟದಲ್ಲಿ ಬರೆದು, ಚರ್ಚೆಗೆ ಎರಡು ದಿನ ಮೊದಲೇ ಹಂಚಿದರೆ ಸಭೆಯ ಸಮಯ ಉಳಿಯುತ್ತದೆ.

ಭಿನ್ನಾಭಿಪ್ರಾಯ ಎಲ್ಲಿದೆ?

ಆರ್ಥಿಕ ವಿಷಯಗಳಲ್ಲಿ ಜನ ಬೇರೆಯಾಗುವುದು ಮೂರು ಕಡೆ: ವಾಸ್ತವ ಏನು ಎಂಬಲ್ಲಿ, ಅದಕ್ಕೆ ಕಾರಣ ಏನು ಎಂಬಲ್ಲಿ, ಯಾರ ಹಿತಕ್ಕೆ ಎಷ್ಟು ತೂಕ ಎಂಬಲ್ಲಿ. ಮೂರಕ್ಕೂ ಬೇರೆ ಬೇರೆ ಬಗೆಯ ಉತ್ತರ ಬೇಕಾಗುತ್ತದೆ. ಒಂದರ ಉತ್ತರದಿಂದ ಇನ್ನೊಂದನ್ನು ಮುಚ್ಚಲು ಹೊರಟಾಗಲೇ ಮಾತು ಬೆಳೆಯುತ್ತದೆ, ಚರ್ಚೆ ಬೆಳೆಯುವುದಿಲ್ಲ.

ವಾಸ್ತವದ ಭಿನ್ನಾಭಿಪ್ರಾಯಕ್ಕೆ ಉದ್ಯೋಗದ ಪ್ರಶ್ನೆ ಒಳ್ಳೆಯ ಉದಾಹರಣೆ. ಆಕ್ಸ್‌ಫರ್ಡ್‌ನ ಕಾರ್ಲ್ ಫ್ರೇ ಮತ್ತು ಮೈಕೆಲ್ ಆಸ್ಬೋರ್ನ್ 2013ರಲ್ಲಿ 702 ವೃತ್ತಿಗಳನ್ನು ಪರಿಶೀಲಿಸಿ, ಅಮೆರಿಕದ ಉದ್ಯೋಗಗಳಲ್ಲಿ ಶೇ 47ರಷ್ಟು ಯಾಂತ್ರೀಕರಣದ ಹೆಚ್ಚಿನ ಅಪಾಯದಲ್ಲಿವೆ ಎಂದು ಅಂದಾಜಿಸಿದರು. ಮೂರು ವರ್ಷಗಳ ನಂತರ ಹೆಚ್ಚಾಗಿ ಮುಂದುವರಿದ ದೇಶಗಳ ಆರ್ಥಿಕ ಸಂಘಟನೆಯಾದ ಓಇಸಿಡಿ ಪ್ರಕಟಿಸಿದ ಇನ್ನೊಂದು ಅಧ್ಯಯನ 21 ದೇಶಗಳಿಗೆ ಸರಾಸರಿ ಶೇ 9 ಎಂದು ಹೇಳಿತು. ಚರ್ಚೆಯಲ್ಲಿ ಒಬ್ಬರು 47 ಎಂದೂ ಇನ್ನೊಬ್ಬರು 9 ಎಂದೂ ಹೇಳಿ ಜಗ್ಗಾಡುವುದನ್ನು ಯಾರು ಬೇಕಾದರೂ ಊಹಿಸಬಹುದು. ಆದರೆ ಅಂಕಿಗಳು ಬೇರೆಯಾದದ್ದು ಎಣಿಕೆಯ ಘಟಕದಿಂದ. ಮೊದಲ ಅಧ್ಯಯನ ಇಡೀ ವೃತ್ತಿಯನ್ನು ಒಂದು ಘಟಕವಾಗಿ ಹಿಡಿದರೆ, ಎರಡನೆಯದು ಒಂದೇ ವೃತ್ತಿಯೊಳಗೆ ಬೇರೆ ಬೇರೆ ನೌಕರರು ದಿನನಿತ್ಯ ಮಾಡುವ ಕೆಲಸಗಳನ್ನು ಬಿಡಿಬಿಡಿಯಾಗಿ ನೋಡಿತು. ಲೆಕ್ಕಪತ್ರ ಗುಮಾಸ್ತರ ವೃತ್ತಿ ಎಂದು ಒಟ್ಟಾಗಿ ಹಿಡಿದರೆ ಅದು ಯಂತ್ರದ ಪಾಲಾಗುವಂತೆ ಕಾಣುತ್ತದೆ. ಅದೇ ಗುಮಾಸ್ತರು ಗ್ರಾಹಕರ ತಕರಾರು ಬಗೆಹರಿಸುವ, ಮೇಲಧಿಕಾರಿಗೆ ವಿವರಿಸುವ, ಹೊಸಬರಿಗೆ ಕಲಿಸುವ ಕೆಲಸವನ್ನೂ ಮಾಡುತ್ತಾರೆಂದು ಎಣಿಸಿದರೆ ಚಿತ್ರ ಬದಲಾಗುತ್ತದೆ. ಜೊತೆಗೆ, ಎರಡೂ ಅಧ್ಯಯನಗಳು ತಾಂತ್ರಿಕವಾಗಿ ಸಾಧ್ಯವೇ ಎಂಬುದನ್ನು ಅಳೆದವೇ ಹೊರತು ಇಷ್ಟು ಉದ್ಯೋಗ ಹೋಗಿಯೇ ಹೋಗುತ್ತದೆ ಎಂದು ಭವಿಷ್ಯ ನುಡಿದಿರಲಿಲ್ಲ. ಇದಿಷ್ಟನ್ನು ಸಭೆಯ ಮುಂದಿಟ್ಟ ಕೂಡಲೇ 'ವೃತ್ತಿಯೊಂದರಲ್ಲಿ ಯಂತ್ರ ಮಾಡಬಲ್ಲ ಭಾಗ ಹೋದ ಮೇಲೆ ಉಳಿದ ಭಾಗಕ್ಕೆ ಸಂಬಳ ಏರುತ್ತದೆಯೋ ಇಳಿಯುತ್ತದೆಯೋ' ಎಂಬ ಹೆಚ್ಚು ಉಪಯುಕ್ತವಾದ ಪ್ರಶ್ನೆ ತೆರೆದುಕೊಳ್ಳುತ್ತದೆ.

ಕಾರಣದ ಭಿನ್ನಾಭಿಪ್ರಾಯ ಇದಕ್ಕಿಂತ ಕಠಿಣ, ಏಕೆಂದರೆ ಇತಿಹಾಸವನ್ನು ಎರಡನೆಯ ಬಾರಿ ಬೇರೆ ರೀತಿಯಲ್ಲಿ ನಡೆಸಿ ನೋಡಲಾಗದು. ಆಮದು ಸುಂಕದ ಚರ್ಚೆ ಬಂದಾಗಲೆಲ್ಲ ಅಮೆರಿಕದ ಆಮದು ಸುಂಕಗಳನ್ನು ಏರಿಸಿದ 1930ರ ಸ್ಮೂಟ್-ಹಾಲಿ ಕಾಯ್ದೆ ಬರುತ್ತದೆ. 1,028 ಅರ್ಥಶಾಸ್ತ್ರಜ್ಞರು ಮನವಿ ಸಲ್ಲಿಸಿದರೂ ಅಮೆರಿಕದ ಅಧ್ಯಕ್ಷ ಹರ್ಬರ್ಟ್ ಹೂವರ್ ಅದಕ್ಕೆ ಸಹಿ ಹಾಕಿದರು. 1929ರಿಂದ 1934ರ ನಡುವೆ ವಿಶ್ವ ವ್ಯಾಪಾರದ ಮೌಲ್ಯ ಹೆಚ್ಚುಕಡಿಮೆ ಮೂರನೇ ಎರಡರಷ್ಟು ಕುಸಿಯಿತು. ಈ ಎರಡು ವಾಕ್ಯಗಳನ್ನು ಒಂದರ ಪಕ್ಕ ಒಂದಿಟ್ಟರೆ ಕೇಳುಗರ ಮನಸ್ಸು ತಾನಾಗಿಯೇ 'ಆದ್ದರಿಂದ' ಎಂಬ ಪದವನ್ನು ನಡುವೆ ಸೇರಿಸಿಕೊಳ್ಳುತ್ತದೆ. ಆದರೆ ಆ ಅವಧಿಯಲ್ಲಿ ಸರಕುಗಳ ಬೆಲೆಯೇ ಬಿದ್ದಿತ್ತು, ಜನರ ಆದಾಯ ಕುಗ್ಗಿತ್ತು, ಬ್ಯಾಂಕುಗಳು ಮುಳುಗಿದ್ದವು, ಹಣದ ಮೌಲ್ಯವನ್ನು ಚಿನ್ನಕ್ಕೆ ಕಟ್ಟಿದ್ದ ಚಿನ್ನದ ಪ್ರಮಾಣ ಪದ್ಧತಿ ಒಡೆಯುತ್ತಿತ್ತು. ಸುಂಕದ ಪಾಲು ಎಷ್ಟು ಎಂದು ಕೇಳಬೇಕಾದ ಜವಾಬ್ದಾರಿ ಎದುರಾಳಿಯದು, ಉತ್ತರಿಸುವ ಜವಾಬ್ದಾರಿ ಉದಾಹರಣೆ ಕೊಟ್ಟವರದು. ಚರ್ಚಾ ನಿರ್ವಾಹಕರು ಇಂಥ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಒಂದು ಕ್ರಮ ಇಲ್ಲದಿದ್ದರೆ ಏನಾಗುತ್ತಿತ್ತು, ಅದನ್ನು ನೀವು ಯಾವುದರ ಆಧಾರದಿಂದ ಹೇಳುತ್ತೀರಿ?

ಮೂರನೆಯದು ಹಿತಾಹಿತದ ತೂಕ. ನನ್ನ ಅನುಭವದಲ್ಲಿ ಅತಿ ಹೆಚ್ಚು ಚರ್ಚೆಗಳು ಕೊನೆಗೆ ಬಂದು ನಿಲ್ಲುವುದು ಇಲ್ಲಿಯೇ, ಆದರೆ ಅತಿ ಕಡಿಮೆ ಬಾರಿ ಬಾಯಿಬಿಟ್ಟು ಹೇಳಲಾಗುವುದೂ ಇದೇ. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಘಟನೆಗೆ ಸೇರಿತು. 1999ರಿಂದ 2011ರವರೆಗಿನ ಚೀನಾದ ಆಮದು ಪೈಪೋಟಿಯಿಂದ ಅಮೆರಿಕದಲ್ಲಿ 20ರಿಂದ 24 ಲಕ್ಷ ಉದ್ಯೋಗಗಳು ಹೋದವು ಎಂದು ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತು ಸಹ ಸಂಶೋಧಕರು ಅಂದಾಜು ಮಾಡಿದ್ದಾರೆ. ಇತ್ತ ನಾಲ್ಕು ದಶಕಗಳಲ್ಲಿ ಚೀನಾದಲ್ಲಿ ಕಡುಬಡತನದಿಂದ ಹೊರಬಂದವರ ಸಂಖ್ಯೆ 80 ಕೋಟಿಯ ಆಸುಪಾಸಿನಲ್ಲಿದೆ ಎನ್ನುತ್ತದೆ ವಿಶ್ವಬ್ಯಾಂಕ್. ಅದಕ್ಕೆ ರಫ್ತು ಒಂದೇ ಕಾರಣವಲ್ಲ, ಕೃಷಿ ಸುಧಾರಣೆಯಿಂದಲೇ ಆ ಪಯಣ ಆರಂಭವಾಗಿತ್ತು. ಎರಡೂ ಅಂಕಿಗಳನ್ನು ಒಪ್ಪಿಕೊಂಡವರೂ ಮುಕ್ತ ವ್ಯಾಪಾರದ ಬಗ್ಗೆ ಜಗಳವಾಡಬಲ್ಲರು, ಏಕೆಂದರೆ ಉಳಿದಿರುವುದು ಬೇರೆಯದೇ ಪ್ರಶ್ನೆ: ಒಂದು ಸರ್ಕಾರ ತನ್ನ ಪ್ರಜೆಯ ನಷ್ಟಕ್ಕೂ ಪರದೇಶದ ಬಡವನ ಲಾಭಕ್ಕೂ ಸಮಾನ ತೂಕ ಕೊಡಬೇಕೇ? ಇಲ್ಲಿ ಮತ್ತಷ್ಟು ಅಂಕಿಅಂಶ ತಂದು ಸುರಿಯುವುದರಿಂದ ಪ್ರಯೋಜನವಿಲ್ಲ. ನಿರ್ವಾಹಕರು ಮಾತು ನಿಲ್ಲಿಸಿ, ಇಬ್ಬರಿಗೂ ಈ ಪ್ರಶ್ನೆಯನ್ನು ನೇರವಾಗಿ ಕೇಳಬೇಕು.

ತೂಕದ ಪ್ರಶ್ನೆ ಕೆಲವೊಮ್ಮೆ ಅಂಕಿಯ ವೇಷದಲ್ಲಿ ಬರುತ್ತದೆ, ಆಗ ಅದನ್ನು ಗುರುತಿಸುವುದು ಕಷ್ಟ. ಹವಾಮಾನ ಬದಲಾವಣೆಯ ಆರ್ಥಿಕ ಪರಿಣಾಮದ ಬಗ್ಗೆ ಅರ್ಥಶಾಸ್ತ್ರಜ್ಞ ನಿಕೊಲಸ್ ಸ್ಟರ್ನ್ 2006ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಕೊಟ್ಟ ವರದಿ ಕೂಡಲೇ ದೊಡ್ಡ ಪ್ರಮಾಣದ ಕ್ರಮ ಬೇಕು ಎಂದಿತು. ಮುಂದೆ ಇದೇ ಕ್ಷೇತ್ರದ ಕೆಲಸಕ್ಕೆ ನೊಬೆಲ್ ಪಡೆದ ವಿಲಿಯಂ ನಾರ್ಡ್‌ಹೌಸ್ ಕ್ರಮಗಳು ನಿಧಾನವಾಗಿ ಬಿಗಿಯಾಗುತ್ತ ಹೋಗಲಿ ಎಂದರು. ಹವಾಮಾನ ವಿಜ್ಞಾನದ ಬಗ್ಗೆ ಇಬ್ಬರ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಅಂತರ ಇದ್ದದ್ದು ಮುಖ್ಯವಾಗಿ ಡಿಸ್ಕೌಂಟ್ ದರದಲ್ಲಿ, ಅಂದರೆ ಮುಂದೆಂದೋ ಆಗುವ ನಷ್ಟವನ್ನು ಇಂದಿನ ಬೆಲೆಗೆ ಇಳಿಸುವ ದರದಲ್ಲಿ. ಸ್ಟರ್ನ್ ಬಳಸಿದ್ದು ವರ್ಷಕ್ಕೆ ಸುಮಾರು ಶೇ 1.4, ನಾರ್ಡ್‌ಹೌಸ್ ಅವರ ದರ ಅದಕ್ಕಿಂತ ಬಹಳ ಮೇಲೆ, ಶೇ 4ನ್ನೂ ದಾಟಿತ್ತು. ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿ ನೋಡಿ. ನೂರು ವರ್ಷಗಳ ನಂತರದ 100 ಡಾಲರ್ ನಷ್ಟವನ್ನು ಶೇ 1.4ರ ದರದಲ್ಲಿ ಇಂದಿಗೆ ಇಳಿಸಿದರೆ ಅದರ ಬೆಲೆ ಸುಮಾರು 25 ಡಾಲರ್, ಶೇ 4.5ರ ದರದಲ್ಲಿ ಇಳಿಸಿದರೆ 1 ಡಾಲರ್ 20 ಸೆಂಟ್‌ನಷ್ಟು. ಅದನ್ನು ತಡೆಯಲು ಇಂದು 10 ಡಾಲರ್ ಖರ್ಚು ಮಾಡುವುದು ಮೊದಲನೆಯ ಲೆಕ್ಕದಲ್ಲಿ ಜಾಣತನ, ಎರಡನೆಯದರಲ್ಲಿ ದುಂದು. ಮುಂದಿನ ತಲೆಮಾರಿನವರು ಮುಂದೆ ಹುಟ್ಟುವವರು ಎಂಬ ಕಾರಣಕ್ಕೇ ಅವರ ಹಿತವನ್ನು ಕಡಿಮೆ ಎಣಿಸುವುದು ತಪ್ಪು ಎಂಬುದು ಸ್ಟರ್ನ್ ವಾದ. ಜನ ಮಾರುಕಟ್ಟೆಯಲ್ಲಿ ಉಳಿತಾಯ ಮಾಡುವಾಗ ನಿಜವಾಗಿ ತೋರಿಸುವ ದರವನ್ನೇ ಬಳಸಬೇಕು ಎಂಬುದು ಇನ್ನೊಂದು ವಾದ. ಎರಡಕ್ಕೂ ಗಟ್ಟಿ ಸಮರ್ಥನೆಗಳಿವೆ, ಚರ್ಚೆ ನಡೆಯಬೇಕಾದದ್ದೂ ಅಲ್ಲಿಯೇ. ನೂರು ಪುಟದ ವರದಿಯ ಒಂದೇ ಸಾಲಿನಲ್ಲಿ ಕುಳಿತಿರುವ ಇಂಥ ಊಹೆಯನ್ನು ಹುಡುಕಿ ತಂದವರು ಆ ದಿನದ ಚರ್ಚೆಗೆ ಎಲ್ಲರಿಗಿಂತ ಹೆಚ್ಚು ಕೊಡುಗೆ ಕೊಟ್ಟಂತೆ.

ಕಂಪನಿ ಯಾರಿಗಾಗಿ ಎಂಬ ಪ್ರಶ್ನೆ

ಉದ್ಯಮದ ಕುರಿತ ಚರ್ಚೆಗಳಲ್ಲಿ ಹೆಚ್ಚು ಬಳಕೆಯಾಗುವ ವಿಷಯ ಇದು, ಹೆಚ್ಚು ಸಪ್ಪೆಯಾಗುವುದೂ ಇದೇ. ಕಂಪನಿಯ ಸಾಮಾಜಿಕ ಹೊಣೆ ಎಂದರೆ ಕಾನೂನಿನ ಮತ್ತು ಮುಕ್ತ ಪೈಪೋಟಿಯ ಚೌಕಟ್ಟಿನೊಳಗೆ ಲಾಭವನ್ನು ಹೆಚ್ಚಿಸುವುದು ಎಂದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರ ಸೆಪ್ಟೆಂಬರ್‌ನಲ್ಲಿ ವಾದಿಸಿದ್ದರು. ಅಮೆರಿಕದ ದೊಡ್ಡ ಕಂಪನಿಗಳ ಮುಖ್ಯಸ್ಥರ ಸಂಘಟನೆಯಾದ ಬಿಸಿನೆಸ್ ರೌಂಡ್‌ಟೇಬಲ್ 1997ರಲ್ಲಿ ಷೇರುದಾರರೇ ಮೊದಲು ಎಂಬ ನಿಲುವನ್ನು ಒಪ್ಪಿಕೊಂಡಿತ್ತು. 2019ರ ಆಗಸ್ಟ್‌ನಲ್ಲಿ 181 ಮುಖ್ಯಸ್ಥರ ಸಹಿಯೊಂದಿಗೆ ಹೊರಡಿಸಿದ ಹೇಳಿಕೆಯಲ್ಲಿ ಗ್ರಾಹಕರು, ನೌಕರರು, ಸರಬರಾಜುದಾರರು, ಸ್ಥಳೀಯ ಸಮುದಾಯ, ಷೇರುದಾರರು ಎಲ್ಲರಿಗೂ ಬದ್ಧರಾಗಿದ್ದೇವೆ ಎಂದಿತು.

ಈ ಚರ್ಚೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ 'ದೀರ್ಘಾವಧಿಯಲ್ಲಿ ನೌಕರರ ಹಿತ, ಸಮಾಜದ ಹಿತ, ಲಾಭ ಎಲ್ಲವೂ ಒಂದೇ' ಎಂಬ ಮಾತಿಗೆ ಬಂದು ಮುಗಿದುಹೋಗುತ್ತದೆ. ಎಲ್ಲರಿಗೂ ಹಿತವಾದ ಈ ವಾಕ್ಯಕ್ಕೆ ಸಭೆಯಲ್ಲಿ ಅವಕಾಶ ಕೊಡಬಾರದು. ಲಾಭವೂ ಹಿತವೂ ಒಂದೇ ದಾರಿಯಲ್ಲಿರುವಾಗ ಎರಡೂ ಸಿದ್ಧಾಂತಗಳು ಒಂದೇ ಸಲಹೆ ಕೊಡುತ್ತವೆ, ಹಾಗಾಗಿ ಚರ್ಚೆಗೆ ಏನೂ ಇರುವುದಿಲ್ಲ. ಅವು ಬೇರೆಯಾಗುವ ಸಂದರ್ಭವನ್ನೇ ಕಟ್ಟಿಕೊಡಬೇಕು. ಉದಾಹರಣೆಗೆ, ಲಾಭದಲ್ಲೇ ನಡೆಯುತ್ತಿರುವ ಒಂದು ಕಾರ್ಖಾನೆಯನ್ನು ಮುಚ್ಚಿ ಅದೇ ಬಂಡವಾಳವನ್ನು ಬೇರೆಡೆ ಹೂಡಿದರೆ ಲಾಭ ಎರಡು ಪಟ್ಟಾಗುತ್ತದೆ. ಊರಿನ ಅರ್ಧದಷ್ಟು ದುಡಿಮೆ ಆ ಕಾರ್ಖಾನೆಯನ್ನೇ ನೆಚ್ಚಿಕೊಂಡಿದೆ. ಕಾನೂನು ಕೇಳುವ ಪರಿಹಾರವನ್ನೆಲ್ಲ ಕಂಪನಿ ಕೊಡಲಿದೆ. ನಿರ್ದೇಶಕ ಮಂಡಳಿ ಹೇಗೆ ಮತ ಹಾಕಬೇಕು? ಎಲ್ಲರ ಹಿತ ಎನ್ನುವ ಪಕ್ಷ ಆ ಹಿತಗಳು ಪರಸ್ಪರ ಡಿಕ್ಕಿ ಹೊಡೆದಾಗ ಯಾವುದು ಮೇಲು ಎಂಬುದನ್ನೂ, ತೀರ್ಮಾನ ತಪ್ಪಾದರೆ ಆಡಳಿತಗಾರರು ಯಾರಿಗೆ ಉತ್ತರ ಹೇಳಬೇಕು ಎಂಬುದನ್ನೂ ತಿಳಿಸಬೇಕಾಗುತ್ತದೆ. ಲಾಭವೇ ಹೊಣೆ ಎನ್ನುವ ಪಕ್ಷ, ಆಟದ ನಿಯಮಗಳನ್ನು ಬರೆಯುವ ಶಾಸಕರ ಮೇಲೆ ಅದೇ ಕಂಪನಿಗಳು ಪ್ರಭಾವ ಬೀರುತ್ತಿರುವಾಗ 'ನಿಯಮದೊಳಗೆ ಲಾಭ' ಎಂಬುದಕ್ಕೆ ಎಷ್ಟು ಅರ್ಥ ಉಳಿಯುತ್ತದೆ ಎಂಬುದಕ್ಕೆ ಉತ್ತರಿಸಬೇಕಾಗುತ್ತದೆ. ಎರಡನೆಯ ಪ್ರಶ್ನೆ ಹೆಚ್ಚು ಕಠಿಣವಾದದ್ದು ಎಂದು ನನಗನಿಸುತ್ತದೆ.

ಅಂಕಿಗಳನ್ನು ಒರೆಗೆ ಹಚ್ಚುವುದು

2010ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ ಪ್ರಕಟಿಸಿದ ಒಂದು ಪ್ರಬಂಧದ ಪ್ರಕಾರ, ಸರ್ಕಾರದ ಸಾಲ ಜಿಡಿಪಿಯ ಶೇ 90ನ್ನು ಮೀರಿದ ಮುಂದುವರಿದ ದೇಶಗಳ ಸರಾಸರಿ ಬೆಳವಣಿಗೆ ದರ ಯುದ್ಧೋತ್ತರ ಕಾಲದಲ್ಲಿ ಶೂನ್ಯಕ್ಕಿಂತ ತುಸು ಕೆಳಗೆ, ಶೇ -0.1. ಸರ್ಕಾರಿ ವೆಚ್ಚ ಕಡಿತದ ಪರವಾಗಿ ಈ 90ರ ಗಡಿಯನ್ನು ರಾಜಕಾರಣಿಗಳು ಮತ್ತೆ ಮತ್ತೆ ಉಲ್ಲೇಖಿಸಿದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕ್ಯಾಂಪಸ್ಸಿನಲ್ಲಿ ಓದುತ್ತಿದ್ದ ಥಾಮಸ್ ಹರ್ನ್‌ಡನ್ ತಮ್ಮ ತರಗತಿಯ ಅಭ್ಯಾಸಕ್ಕಾಗಿ ಅದೇ ಲೆಕ್ಕವನ್ನು ಮರುಮಾಡಲು ಹೋದಾಗ ಫಲಿತಾಂಶ ಹೊಂದಲಿಲ್ಲ. ಲೇಖಕರಿಂದಲೇ ಮೂಲ ಸ್ಪ್ರೆಡ್‌ಶೀಟ್ ತರಿಸಿ ನೋಡಿದಾಗ, 20 ದೇಶಗಳ ಸರಾಸರಿ ತೆಗೆಯಬೇಕಾದ ಸೂತ್ರ ಕೊನೆಯ ಐದು ಸಾಲುಗಳನ್ನು ಬಿಟ್ಟಿದ್ದು ಕಾಣಿಸಿತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಲೆಕ್ಕದಿಂದ ಹೊರಗುಳಿದಿದ್ದವು. ಅದಕ್ಕಿಂತ ಹೆಚ್ಚು ವ್ಯತ್ಯಾಸ ತಂದದ್ದು, ಕೆಲವು ವರ್ಷಗಳನ್ನು ಬಿಟ್ಟಿದ್ದು ಮತ್ತು ತೂಕ ಕೊಟ್ಟ ರೀತಿ: ನ್ಯೂಜಿಲೆಂಡಿನ ಒಂದೇ ಒಂದು ಕೆಟ್ಟ ವರ್ಷವಾದ 1951ಕ್ಕೆ ಬ್ರಿಟನ್ನಿನ 19 ವರ್ಷಗಳ ಅನುಭವದಷ್ಟೇ ತೂಕ ಸಿಕ್ಕಿತ್ತು. ಎಲ್ಲ ಸರಿಪಡಿಸಿ 2013ರಲ್ಲಿ ಹರ್ನ್‌ಡನ್ ತಮ್ಮ ಇಬ್ಬರು ಪ್ರಾಧ್ಯಾಪಕರೊಂದಿಗೆ ಪ್ರಕಟಿಸಿದ ಸರಾಸರಿ ಶೇ 2.2. ಸೂತ್ರದ ದೋಷವನ್ನು ಮೂಲ ಲೇಖಕರು ಒಪ್ಪಿಕೊಂಡರು. ಸಾಲ ಹೆಚ್ಚಿದ್ದ ಕಡೆ ಬೆಳವಣಿಗೆ ನಿಧಾನ ಎಂಬ ಒಟ್ಟು ನಿಲುವನ್ನು ಬಿಡಲಿಲ್ಲ. ಬೆಳವಣಿಗೆ ಕುಂಠಿತವಾದುದರಿಂದಲೇ ಸಾಲದ ಪ್ರಮಾಣ ಏರಿರಬಹುದಲ್ಲವೇ ಎಂಬ ಪ್ರಶ್ನೆ ಹೇಗೂ ಉಳಿದೇ ಇತ್ತು.

ಚರ್ಚೆಗೆ ಅಂಕಿ ತರುವ ಪ್ರತಿಯೊಬ್ಬರೂ ಆದ್ದರಿಂದ ಕೆಲವು ವಿವರಗಳನ್ನು ಜೊತೆಗೇ ತರಬೇಕು: ಯಾವ ವರ್ಷಗಳು, ಯಾವ ದೇಶಗಳು, ಯಾರನ್ನು ಬಿಡಲಾಗಿದೆ, ಸರಾಸರಿಯನ್ನು ಹೇಗೆ ತೆಗೆಯಲಾಗಿದೆ. ಜಾಗತಿಕ ಬಡತನದ ಚರ್ಚೆಯಲ್ಲಿ ಇದಿಲ್ಲದೆ ಒಂದು ಹೆಜ್ಜೆಯೂ ಇಡಲಾಗದು. ದಿನಕ್ಕೆ 2.15 ಡಾಲರ್ ಎಂಬ ಗೆರೆಯನ್ನಿಟ್ಟು ನೋಡಿದರೆ 1990ರಲ್ಲಿ ಜಗತ್ತಿನ ಜನರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ಅದರ ಕೆಳಗಿದ್ದರು, 2019ರ ಹೊತ್ತಿಗೆ ಹತ್ತನೇ ಒಂದಕ್ಕಿಂತ ಕಡಿಮೆ. 2025ರ ಜೂನ್‌ನಲ್ಲಿ ವಿಶ್ವಬ್ಯಾಂಕ್ ಹೊಸ ಬೆಲೆಮಟ್ಟಗಳ ಆಧಾರದಲ್ಲಿ ಗೆರೆಯನ್ನೇ 3 ಡಾಲರಿಗೆ ಏರಿಸಿತು, ಬಡವರ ಎಣಿಕೆಯೂ ಅದರೊಂದಿಗೆ ಏರಿತು. ಯಾರ ಬದುಕೂ ಆ ದಿನ ಬದಲಾಗಲಿಲ್ಲ. ಹಳೆಯ ಗೆರೆಯ ಅಂಕಿಯನ್ನೂ ಹೊಸ ಗೆರೆಯ ಅಂಕಿಯನ್ನೂ ಒಟ್ಟಿಗಿಟ್ಟು ಬಡತನ ಹೆಚ್ಚಿತು ಎಂದು ಹೇಳುವ ಭಾಷಣಕಾರರನ್ನು ನಿರ್ವಾಹಕರು ಅಲ್ಲಿಯೇ ತಡೆಯಬೇಕು.

ಎದುರು ಪಕ್ಷವನ್ನು ಮಂಡಿಸುವುದು

ಶಾಸ್ತ್ರಗ್ರಂಥಗಳಲ್ಲಿ ಸಿದ್ಧಾಂತಕ್ಕೆ ಮೊದಲು ಪೂರ್ವಪಕ್ಷವನ್ನು ನಿರೂಪಿಸುವ ಪದ್ಧತಿ ಇದೆ: ಎದುರಾಳಿಯ ವಾದವನ್ನು ಅವನು ಒಪ್ಪುವಷ್ಟು ಸಮರ್ಥವಾಗಿ ತಾನೇ ಮಂಡಿಸಿ, ಆಮೇಲೆ ಖಂಡಿಸುವುದು. ಆರ್ಥಿಕ ಚರ್ಚೆಗೆ ಇದಕ್ಕಿಂತ ಒಳ್ಳೆಯ ಶಿಸ್ತನ್ನು ನಾನು ಕಂಡಿಲ್ಲ. ಪ್ರತಿವಾದಕ್ಕೆ ಎದ್ದವರು ಮೊದಲ ಒಂದು ನಿಮಿಷ ಎದುರಾಳಿಯ ವಾದವನ್ನು ಹೇಳಬೇಕು, ಎದುರಾಳಿ 'ಹೌದು, ನಾನು ಹೇಳಿದ್ದು ಅದೇ' ಎಂದ ಮೇಲೆಯೇ ಅವರ ಖಂಡನೆಯ ಸಮಯ ಶುರುವಾಗಬೇಕು ಎಂಬ ನಿಯಮ ಇಟ್ಟುಕೊಂಡರೆ ಸಾಕು. ಕನಿಷ್ಠ ವೇತನ ಏರಿಸಬಾರದು ಎನ್ನುವವರಿಗೆ ಬಡವರ ಮೇಲೆ ಕರುಣೆಯಿಲ್ಲ ಎಂದೋ, ಏರಿಸಬೇಕು ಎನ್ನುವವರಿಗೆ ಲೆಕ್ಕ ಬರುವುದಿಲ್ಲ ಎಂದೋ ಹೇಳುವುದು ಈ ನಿಯಮದಡಿ ಅಸಾಧ್ಯವಾಗುತ್ತದೆ. ಭಾರತೀಯ ತರ್ಕದ ಪರಂಪರೆಯಾದ ನ್ಯಾಯಶಾಸ್ತ್ರ ವಾದ, ಜಲ್ಪ, ವಿತಂಡ ಎಂದು ಮಾಡುವ ವಿಂಗಡಣೆಯನ್ನೂ ಚರ್ಚೆಗೆ ಮೊದಲೇ ನೆನಪಿಸಬಹುದು: ತತ್ತ್ವ ತಿಳಿಯಲು ನಡೆಸುವುದು, ಗೆಲ್ಲಲೆಂದೇ ನಡೆಸುವುದು, ತನ್ನದೇ ಪಕ್ಷವನ್ನು ಸ್ಥಾಪಿಸದೆ ಎದುರಿನದನ್ನು ಕೆಡವುವುದಷ್ಟೇ. ಆರ್ಥಿಕ ನೀತಿಯ ವಿಷಯದಲ್ಲಿ ಮೂರನೆಯದಕ್ಕೆ ಜಾಗವಿಲ್ಲ, ಏಕೆಂದರೆ ಇಲ್ಲಿ ಏನೂ ಮಾಡದಿರುವುದೂ ಒಂದು ನೀತಿಯೇ, ಅದಕ್ಕೂ ಬೆಲೆಯಿದೆ.

ಸಭೆಯ ನಿರ್ವಹಣೆ

ತೊಂಬತ್ತು ನಿಮಿಷಗಳಿದ್ದರೆ ಹೀಗೆ ಹಂಚಬಹುದು. ಮೊದಲ ಹತ್ತು ನಿಮಿಷ ಗೊತ್ತುವಳಿ, ಅಳತೆಗಳ ಒಪ್ಪಂದ ಮತ್ತು ಆರಂಭದ ಮತಕ್ಕೆ. ಪ್ರತಿ ಪಕ್ಷದಿಂದ ಇಬ್ಬರಂತೆ ನಾಲ್ವರಿಗೆ ತಲಾ ಆರು ನಿಮಿಷ. ಪರಸ್ಪರ ಪ್ರಶ್ನೋತ್ತರಕ್ಕೆ ಇಪ್ಪತ್ತು, ಸಭಿಕರಿಗೆ ಇಪ್ಪತ್ತು, ಸಮಾರೋಪಕ್ಕೆ ತಲಾ ಮೂರು, ಉಳಿದದ್ದು ಕೊನೆಯ ಮತಕ್ಕೆ. ಪರಸ್ಪರ ಪ್ರಶ್ನೋತ್ತರದ ಸಮಯವನ್ನು ಯಾವ ಕಾರಣಕ್ಕೂ ಕಡಿತ ಮಾಡಬಾರದು; ಸಿದ್ಧಪಡಿಸಿ ತಂದ ಭಾಷಣಗಳಲ್ಲಿ ಅಡಗಿದ ಊಹೆಗಳು ಹೊರಬರುವುದು ಅಲ್ಲಿಯೇ. ಸಭಿಕರಿಗೆ ಪ್ರಶ್ನೆ ಕೇಳುವ ಅವಕಾಶವೇ ಹೊರತು ಭಾಷಣದ ಅವಕಾಶವಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಹೇಳಿದರೂ ಕೇಳದ ಒಬ್ಬರು ಪ್ರತಿ ಸಭೆಯಲ್ಲಿಯೂ ಇರುತ್ತಾರೆ.

ಚರ್ಚೆಯ ಮೊದಲು ಮತ್ತು ನಂತರ ಎರಡು ಬಾರಿ ಮತ ತೆಗೆದು, ಹೆಚ್ಚು ಜನರ ಅಭಿಪ್ರಾಯ ಬದಲಿಸಿದ ಪಕ್ಷ ಗೆದ್ದಂತೆ ಎಂದು ಘೋಷಿಸುವ ಪದ್ಧತಿ ಜನಪ್ರಿಯವಾಗಿದೆ. ಇದರಲ್ಲಿ ಒಂದು ದೋಷವಿದೆ: ಆರಂಭದಲ್ಲಿಯೇ ಹೆಚ್ಚು ಬೆಂಬಲವಿರುವ ಪಕ್ಷಕ್ಕೆ ಗಳಿಸಲು ಉಳಿದಿರುವ ಮತಗಳೇ ಕಡಿಮೆ, ಹಾಗಾಗಿ ಅದು ಒಳ್ಳೆಯ ವಾದ ಮಂಡಿಸಿಯೂ ಸೋಲಬಹುದು. ಮತದ ಚೀಟಿಯಲ್ಲಿ ಪರ, ವಿರೋಧ, ಅನಿಶ್ಚಿತ ಎಂಬುದರ ಜೊತೆಗೆ 'ಎಷ್ಟು ಖಚಿತ' ಎಂದು ಶೂನ್ಯದಿಂದ ಹತ್ತರವರೆಗೆ ಒಂದು ಅಂಕಿಯನ್ನೂ ಕೇಳಿದರೆ ಈ ದೋಷ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಪಕ್ಷ ಬದಲಿಸದಿದ್ದರೂ ಒಂಬತ್ತರಿಂದ ಆರಕ್ಕೆ ಇಳಿದವರು ಚರ್ಚೆಯಿಂದ ಏನನ್ನೋ ಪಡೆದಿದ್ದಾರೆ.

ಭವಿಷ್ಯದ ಮಾತು ಬಂದಾಗ

ಆರ್ಥಿಕ ಚರ್ಚೆಗಳು ಕೊನೆಗೆ ಭವಿಷ್ಯವಾಣಿಗೆ ಬಂದೇ ಬರುತ್ತವೆ. ಭವಿಷ್ಯ ಹೇಳುವವರನ್ನು ತಡೆಯಬೇಕಾಗಿಲ್ಲ. ಅವರ ಮಾತಿಗೆ ಅಂಕಿ ಮತ್ತು ತಾರೀಖು ಕೇಳಬೇಕು. ನೂರು ವರ್ಷಗಳಲ್ಲಿ ಮುಂದುವರಿದ ದೇಶಗಳ ಜೀವನಮಟ್ಟ ನಾಲ್ಕರಿಂದ ಎಂಟು ಪಟ್ಟು ಏರುತ್ತದೆ, ಜನ ವಾರಕ್ಕೆ 15 ಗಂಟೆ ದುಡಿದರೆ ಸಾಕಾಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1930ರಲ್ಲಿ ಬರೆದಿದ್ದರು. ಮೊದಲ ಭಾಗ ಸರಿಹೋಯಿತು, ಎರಡನೆಯದು ಸರಿಹೋಗಲಿಲ್ಲ. ಅವರು ಅಂಕಿಗಳಲ್ಲಿ ಹೇಳಿದ್ದರಿಂದಲೇ ಯಾವ ಭಾಗ ತಪ್ಪಿತು ಎಂದು ನಾವು ಇಂದು ಹೇಳಬಲ್ಲೆವು, ಏರಿದ ಆದಾಯವನ್ನು ಜನ ಬಿಡುವಿಗಿಂತ ಬಳಕೆಗೆ ಏಕೆ ಹಾಕಿದರು ಎಂದು ಕೇಳಬಲ್ಲೆವು.

ಇನ್ನೂ ಕಟ್ಟುನಿಟ್ಟಿನ ಉದಾಹರಣೆ 1980ರದು. ಜನಸಂಖ್ಯೆ ಏರಿದಂತೆ ಸಂಪನ್ಮೂಲಗಳು ದುರ್ಲಭವಾಗುತ್ತವೆ ಎನ್ನುತ್ತಿದ್ದ ಜೀವವಿಜ್ಞಾನಿ ಪಾಲ್ ಎರ್ಲಿಕ್ ಮತ್ತು ಮನುಷ್ಯನ ಜಾಣ್ಮೆ ಆ ಕೊರತೆಯನ್ನು ತುಂಬುತ್ತದೆ ಎನ್ನುತ್ತಿದ್ದ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ನಡುವೆ ವರ್ಷಗಟ್ಟಲೆ ನಡೆದ ವಾಗ್ವಾದ ಒಂದು ಪಂದ್ಯದ ರೂಪ ಪಡೆಯಿತು. ತಾಮ್ರ, ಕ್ರೋಮಿಯಂ, ನಿಕಲ್, ತವರ, ಟಂಗ್‌ಸ್ಟನ್ ಎಂಬ ಐದು ಲೋಹಗಳನ್ನು ಎರ್ಲಿಕ್ ಕಡೆಯವರೇ ಆರಿಸಿದರು. ತಲಾ 200 ಡಾಲರಿನಂತೆ 1,000 ಡಾಲರ್ ಮೌಲ್ಯದ ಲೋಹದ ಬೆಲೆ, ಹಣದುಬ್ಬರ ಕಳೆದು, ಹತ್ತು ವರ್ಷಗಳಲ್ಲಿ ಏರಿದರೆ ವ್ಯತ್ಯಾಸವನ್ನು ಸೈಮನ್ ಕೊಡಬೇಕು, ಇಳಿದರೆ ಎರ್ಲಿಕ್ ಕೊಡಬೇಕು. 1990ರಲ್ಲಿ ಐದರ ಬೆಲೆಯೂ ಇಳಿದಿತ್ತು, ಎರ್ಲಿಕ್ ಅವರಿಂದ 576 ಡಾಲರ್ 7 ಸೆಂಟ್‌ನ ಚೆಕ್ ಹೋಯಿತು. ಆದರೆ ಬೇರೆ ಹಲವು ದಶಕಗಳನ್ನು ಆರಿಸಿದ್ದರೆ ಅದೇ ಪಂದ್ಯವನ್ನು ಎರ್ಲಿಕ್ ಗೆಲ್ಲುತ್ತಿದ್ದರು ಎಂದು ನಂತರದ ಲೆಕ್ಕಗಳು ತೋರಿಸಿವೆ. ಲೋಹದ ಬೆಲೆ ಪರಿಸರದ ಆರೋಗ್ಯಕ್ಕೆ ಸರಿಯಾದ ಅಳತೆಯೇ ಎಂಬ ಆಕ್ಷೇಪವೂ ಇದೆ. ಪಂದ್ಯ ಮೂಲ ಪ್ರಶ್ನೆಯನ್ನು ಬಗೆಹರಿಸಲಿಲ್ಲ. ಅದನ್ನು ಬಗೆಹರಿಸಲು ಯಾವ ಅವಧಿ, ಯಾವ ಅಳತೆ ಬೇಕು ಎಂಬ ಮುಂದಿನ ಚರ್ಚೆಯನ್ನು ಸಾಧ್ಯವಾಗಿಸಿತು.

ಕೂಟದ ಚರ್ಚೆಯಲ್ಲಿ ಹಣ ಕಟ್ಟುವುದು ಬೇಡ. ಸಮಾರೋಪದ ಮಾತಿನಲ್ಲಿ ಪ್ರತಿ ಪಕ್ಷವೂ 'ಇಂಥ ಅಂಕಿ ಇಂಥ ವರ್ಷದೊಳಗೆ ಇಷ್ಟಾದರೆ ನಮ್ಮ ನಿಲುವು ತಪ್ಪೆಂದು ಒಪ್ಪುತ್ತೇವೆ' ಎಂಬ ಒಂದು ವಾಕ್ಯವನ್ನು ಹೇಳಲೇಬೇಕೆಂದು ನಿಯಮ ಮಾಡಿದರೆ ಸಾಕು. ಅದನ್ನು ನಿರ್ವಾಹಕರು ಹಾಗೆಯೇ ಬರೆದುಕೊಳ್ಳುತ್ತಾರೆ. ಸಭೆಯ ಟಿಪ್ಪಣಿಯಲ್ಲಿ ಮೂರು ವಿಷಯಗಳಿದ್ದರೆ ಸಾಕು: ಎರಡೂ ಪಕ್ಷ ಒಪ್ಪಿಕೊಂಡ ವಾಸ್ತವಗಳು, ಇನ್ನೂ ಉಳಿದಿರುವ ಭಿನ್ನಾಭಿಪ್ರಾಯ ಮೂರು ಬಗೆಗಳಲ್ಲಿ ಯಾವುದಕ್ಕೆ ಸೇರಿದ್ದು, ಮತ್ತು ಈ ಎರಡು ವಾಕ್ಯಗಳು. ಅವುಗಳಲ್ಲಿ ನಮೂದಿಸಿದ ವರ್ಷ ಬಂದಾಗ ಟಿಪ್ಪಣಿಯನ್ನು ತೆಗೆದು ಅದೇ ಗೊತ್ತುವಳಿಯನ್ನು ಮತ್ತೆ ಚರ್ಚೆಗಿಡಬಹುದು, ಸಾಧ್ಯವಾದರೆ ಅದೇ ನಾಲ್ವರನ್ನು ಪಕ್ಷ ಬದಲಿಸಿ ಕೂರಿಸಿ.